ಮಗ್ಗದ ಕಿವಿ, ರೇಸಿನ ಕಿವಿ

ಸೇಲಂ ಸುತ್ತಮುತ್ತ ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು ಆಡುವ ದೇವಾಂಗ ಕುಟುಂಬಗಳು ಬಹಳ. ನೇಯ್ಗೆ ಕುಲಕಸುಬು, ಚೌಡೇಶ್ವರಿ ಕುಲದೇವತೆ. ಕುಣಿಮಗ್ಗ ಹೋಗಿ ಪವರ್‌ಲೂಮ್ ಬಂದ ಮೇಲೆ ಮನೆಗೆ ಅಂಟಿಕೊಂಡೇ ಶೆಡ್ಡುಗಳೆದ್ದವು. ಬೆಳಗಿನಿಂದ ರಾತ್ರಿಯವರೆಗೆ ಲಾಳಿ ಬಡಿಯುವ ಸದ್ದು. ಆ ಮನೆಗಳ ಹುಡುಗರಲ್ಲಿ ಹಲವರು ಈಗ ಉತ್ತರಕ್ಕೆ, ಹೊಸೂರಿನ ಕಾರ್ಖಾನೆಗಳಿಗೆ ಹೋಗಿದ್ದಾರೆ. 2004ರವರೆಗೆ ಧರ್ಮಪುರಿ ಜಿಲ್ಲೆಗೆ ಸೇರಿದ್ದ ಹೊಸೂರು ಬೈಕುಗಳ ಊರು. 1980ರಲ್ಲಿ ಟಿವಿಎಸ್ 50 ಮೊಪೆಡ್ಡು, 1984ರಲ್ಲಿ ಇಂಡ್-ಸುಜುಕಿ ಹೊರಬಂದದ್ದು ಅಲ್ಲಿಂದಲೇ. ಟಿವಿಎಸ್ ಕಂಪನಿಯ ರೇಸಿಂಗ್ ತಂಡಕ್ಕೆ 1982ರಿಂದ ಇತಿಹಾಸವಿದೆ.

ಇಲ್ಲಿ ಮಾತಾಡುವವರು ಇಬ್ಬರು. ಮಾವ ಬದುಕಿನ ಬಹುಪಾಲು ಮಗ್ಗದ ಶೆಡ್ಡಿನಲ್ಲಿ ಕಳೆದವರು. ಎದುರಿಗೆ ಕೂತು, ಬಾಯಿ ಕಾಣುವಂತೆ ಮಾತಾಡಿದರೆ ಮಾತ್ರ ಅವರಿಗೆ ಅರ್ಥವಾಗುತ್ತದೆ. ಅಕ್ಕನ ಮಗ ಹೊಸೂರಿನಲ್ಲಿ ಕೆಲಸಕ್ಕಿದ್ದಾನೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ಹೊಸಬರ ವರ್ಗದಲ್ಲಿ ಬೈಕ್ ರೇಸಿಗಿಳಿಯುತ್ತಾನೆ. ತನ್ನ ಕಿವಿಯ ಅಳತೆಗೆ ಅಚ್ಚು ತೆಗೆಸಿ ಇಯರ್‌ಫೋನ್ ಮಾಡಿಸಿಕೊಳ್ಳಬೇಕೆಂದು ಅವನು ಹೇಳಿದಲ್ಲಿಂದ ಮಾತು ಶುರುವಾಯಿತು.

ಮಾವ: ಎಷ್ಟಾಗುತ್ತಂತೆ ಅದಕ್ಕೆ?

ಅಳಿಯ: ಬರೀ ಬಿರಡೆಯಾದ್ರೆ ಕೆಲವು ಸಾವಿರ ಮಾವ. ಒಳಗೆ ಸ್ಪೀಕರ್ ಕೂರಿಸಿದ್ದು ಬೇಕಂದ್ರೆ ಇನ್ನೂ ಮೇಲೆ.

ಮಾವ: ಕಿವಿಗೆ ಇಟ್ಕೊಳ್ಳೋ ಬಿರಡೆಗೆ ಸಾವಿರಗಟ್ಟಲೆ ದುಡ್ಡಾ? ನಾವು ಒಂದಿಷ್ಟು ಹತ್ತಿ ಉಂಡೆ ಮಾಡಿ ತುರುಕ್ಕೊಳ್ತಿದ್ವಿ. ಮಗ್ಗದ ಮನೇಲಿ ನೂಲಿಗೇನು ಬರ?

ಅಳಿಯ: ಹತ್ತಿ ಇಟ್ಕೊಂಡೇ ಅಲ್ವಾ ಮಾವ ನಿಮ್ಮ ಕಿವಿ ಹೀಗಾಗಿರೋದು? ಹತ್ತಿ ಗಾಳಿಯಾಡೋ ಪದಾರ್ಥ. ಗಾಳಿ ಹೋಗೋ ಕಡೆ ಸದ್ದೂ ಹೋಗುತ್ತೆ. ಇಟ್ಕೊಂಡಿದೀವಿ ಅನ್ನೋ ಸಮಾಧಾನ ಒಂದು ಸಿಗುತ್ತೆ, ಅಷ್ಟೇ.

ಮಾವ: ವಯಸ್ಸಾದ್ರೆ ಎಲ್ಲರ ಕಿವಿಯೂ ಮಂದ ಆಗುತ್ತೆ ಕಣಪ್ಪ. ನಮ್ಮಪ್ಪ ಕುಣಿಮಗ್ಗದಲ್ಲಿ ಕೂತಿದ್ದೋರು, ಅವರಿಗೂ ಕೊನೆಗಾಲಕ್ಕೆ ಕೇಳ್ತಿರಲಿಲ್ಲ.

ಅಳಿಯ: ತಾತಂಗೆ ಎಪ್ಪತ್ತೈದು ದಾಟಿದ ಮೇಲೆ. ನೀವು ಐವತ್ತಕ್ಕೇ ಕುಕ್ಕರ್ ವಿಷಲ್ ಕೇಳಿಸಲ್ಲ ಅಂತಿದ್ರಿ. ಲಾರಿ ಬಂದ್ರೆ ಗೊತ್ತಾಗುತ್ತೆ, ವಿಷಲ್ ಗೊತ್ತಾಗಲ್ಲ. ಅದೇ ಗುರುತು. ಸದ್ದಿನಿಂದ ಕೆಡೋ ಕಿವಿ ಮೊದಲು ಕಳ್ಕೊಳ್ಳೋದು ನಾಲ್ಕು ಸಾವಿರ ಹರ್ಟ್ಸ್ ಆಸುಪಾಸಿನ ತೆಳು ಸದ್ದನ್ನ. ಸ, ಶ, ತ, ಕ ಎಲ್ಲ ಮಸುಕಾಗುತ್ತೆ. ಜನ ಮಾತಾಡ್ತಿದಾರೆ ಅಂತ ತಿಳಿಯುತ್ತೆ, ಏನು ಅಂತ ತಿಳಿಯಲ್ಲ.

ಮಾವ: ಹೂಂ. ಕೊರೊನಾ ಬಂದಾಗ ಎಲ್ಲರೂ ಬಾಯಿಗೆ ಬಟ್ಟೆ ಕಟ್ಟಿದ್ರಲ್ಲ, ಆಗ ನಂಗೆ ಯಾರ ಮಾತೂ ಗೊತ್ತಾಗಲಿಲ್ಲ. ಅಲ್ಲೀವರೆಗೆ ನಾನು ಕಿವೀಲಿ ಕೇಳ್ತಿದೀನಿ ಅಂದ್ಕೊಂಡಿದ್ದೆ. ನೋಡಿದ್ರೆ ಅಷ್ಟು ವರ್ಷ ತುಟಿ ಓದ್ತಿದ್ದೆ.

ಮಗ್ಗದವರ ಲೋಕದಲ್ಲಿ ಇದು ಹಳೆಯ ಕಥೆ. ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳ ನೇಕಾರ ಹೆಂಗಸರು ಗದ್ದಲದ ನಡುವೆ ತುಟಿ, ಹುಬ್ಬು, ಕೈ ಆಡಿಸಿ ಮಾತಾಡುವ ಒಂದು ಪದ್ಧತಿಯನ್ನೇ ಬೆಳೆಸಿಕೊಂಡಿದ್ದರು. ಸದ್ದಿಗೂ ಕಿವುಡಿಗೂ ಇರುವ ಲೆಕ್ಕ ವಿಜ್ಞಾನಕ್ಕೆ ಖಚಿತವಾಗಿ ಸಿಕ್ಕದ್ದರಲ್ಲಿಯೂ ನೇಕಾರರ ಕಿವಿಯ ಪಾಲು ದೊಡ್ಡದು. ಸ್ಕಾಟ್ಲೆಂಡಿನ ಡಂಡೀ ಊರಿನ ಸೆಣಬಿನ ಗಿರಣಿಗಳಲ್ಲಿ ದಶಕಗಟ್ಟಲೆ ಒಂದೇ ಬಗೆಯ ಮಗ್ಗದ ಮುಂದೆ ನಿಂತ ಹೆಂಗಸರ ಶ್ರವಣವನ್ನು ಅಳೆದು 1965ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಈ ವಿಷಯದ ಮೂಲಗಳಲ್ಲೊಂದು. ರೇಸಿನವರು ಕಿವಿ ಮುಚ್ಚಿಕೊಳ್ಳಲು ಕಲಿತದ್ದರ ಹಿಂದೆ ಆ ಹೆಂಗಸರ ಋಣವೂ ಇದೆ ಎಂದು ನನಗೆ ಅನಿಸುತ್ತದೆ.

ಮಾವ: ಸರಿ, ನನ್ನದು ಶೆಡ್ಡು, ದಿನಕ್ಕೆ ಹನ್ನೆರಡು ಗಂಟೆ. ನಿನ್ನದು ಎಷ್ಟು ಹೊತ್ತಿನ ರೇಸು? ಹತ್ತು, ಹದಿನೈದು ನಿಮಿಷ. ಅಷ್ಟಕ್ಕೆ ಕಿವಿ ಹೋಗುತ್ತಾ?

ಅಳಿಯ: ಲೆಕ್ಕ ಹೇಳ್ತೀನಿ ಕೇಳಿ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಅಂತ ಅಮೆರಿಕದ ನಯಾಷ್ ಸಂಸ್ಥೆ ಶಿಫಾರಸು ಮಾಡಿದೆ. ಅಲ್ಲಿಂದ ಮೂರು ಡೆಸಿಬೆಲ್ ಏರಿದಾಗೆಲ್ಲ ಹೊತ್ತು ಅರ್ಧಕ್ಕಿಳಿಯುತ್ತೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು, 97ಕ್ಕೆ ಅರ್ಧ ಗಂಟೆ, 100ಕ್ಕೆ ಹದಿನೈದು ನಿಮಿಷ. ಬೈಕು ನೂರು ಕಿಲೋಮೀಟರ್ ವೇಗ ದಾಟಿದ್ರೆ ಹೆಲ್ಮೆಟ್ಟಿನೊಳಗಿನ ಗಾಳಿ ಸದ್ದೇ ನೂರರ ಹತ್ತಿರ ಬರುತ್ತೆ. ಟ್ರ್ಯಾಕಲ್ಲಿ ಅದಕ್ಕಿಂತ ಜಾಸ್ತಿ.

ಮಾವ: ಎಂಜಿನ್ ಸದ್ದಲ್ವಾ?

ಅಳಿಯ: ಅರವತ್ತು, ಎಪ್ಪತ್ತರ ವೇಗ ದಾಟಿದ ಮೇಲೆ ಗಾಳೀದೇ ದೊಡ್ಡದು. ಗದ್ದದ ಕೆಳಗಿಂದ, ಹೆಲ್ಮೆಟ್ಟಿನ ಅಂಚಿಂದ ಸುಳಿ ಎದ್ದು ಒಳಗೆ ಬರುತ್ತೆ. ಹೆಲ್ಮೆಟ್ಟು ತಲೆ ಕಾಯುತ್ತೆ, ಈ ಗುಡುಗೋ ಸದ್ದನ್ನ ಅಷ್ಟಾಗಿ ತಡೆಯಲ್ಲ. ಅದಕ್ಕೇ ನಾಳೆ ಎಲ್ಲರೂ ಬ್ಯಾಟರಿ ಬೈಕಿಗೆ ಹೋದ್ರೂ ಹೈವೇಲಿ ಈ ತೊಂದರೆ ತಪ್ಪಲ್ಲ.

ಮಾವ: ಹಾಗಾದ್ರೆ ನಿನಗೆ ಪೆಟ್ಟು ಬೀಳೋದು ರೇಸಲ್ಲಿ ಅಲ್ಲ ಬಿಡು. ಪ್ರತಿ ವಾರ ಹೊಸೂರಿಂದ ಸೇಲಂಗೆ ಬೈಕಲ್ಲಿ ಬರ್ತೀಯ. ನೂರ ಅರವತ್ತು ಕಿಲೋಮೀಟರ್. ಹೋಗ್ತಾ ಮೂರು ಗಂಟೆ, ಬರ್ತಾ ಮೂರು ಗಂಟೆ. ನೀನು ಹೇಳಿದ ಲೆಕ್ಕಾನೇ ಹಾಕು.

ಅಳಿಯ: (ಸುಮ್ಮನಿದ್ದು) ಹೌದು. ಅದನ್ನ ನಾನು ಕೂಡಿಸಿ ನೋಡಿರಲಿಲ್ಲ.

ಮಾವ: ನೋಡು, ರೇಸು ಅಂದ್ರೆ ಸಾಮಾನು ಕೊಳ್ಳೋ ಆಸೆ ಬರುತ್ತೆ, ಮಾಮೂಲಿ ದಾರಿಗೆ ಬರಲ್ಲ.

ಅಳಿಯ: ಅದಕ್ಕೇ ಮಾವ, ಎರಡಕ್ಕೂ ಆಗೋ ಹಾಗೆ ಸ್ಪೀಕರ್ ಇರೋದನ್ನೇ ತಗೊಳ್ಳೋಣ ಅಂತ. ಹೊರಗಿನ ಸದ್ದು ತಡೆಯುತ್ತೆ, ದಾರಿ ಹೇಳೋದೂ ಕೇಳುತ್ತೆ, ಅಮ್ಮನ ಫೋನೂ ಕೇಳುತ್ತೆ.

ಮಾವ: ರೇಸಲ್ಲಿ ನಿನ್ನ ಜೊತೆ ಮಾತಾಡೋರು ಯಾರು?

ಅಳಿಯ: ಬೈಕಲ್ಲಿ ಯಾರೂ ಇಲ್ಲ. ಟ್ರ್ಯಾಕಿನ ಗೋಡೆ ಪಕ್ಕ ನಮ್ಮೋರು ಪಿಟ್ ಬೋರ್ಡ್ ಹಿಡಿದು ತೋರಿಸ್ತಾರೆ. ಅಪಾಯ ಇದ್ರೆ ಹಳದಿ ಬಾವುಟ, ನಿಲ್ಲಿಸೋಕೆ ಕೆಂಪು. ರೇಡಿಯೋ ಬೇಕಾಗೋದು ಕಾರಿನೋರಿಗೆ. ರ‍್ಯಾಲಿಯಲ್ಲಂತೂ ಪಕ್ಕದಲ್ಲಿ ಕೂತೋನು ಮುಂದಿನ ತಿರುವು ಎಂಥದ್ದು ಅಂತ ಓದಿ ಹೇಳ್ತಾ ಹೋಗಬೇಕು. ಒಂದು ಮಾತು ತಪ್ಪಿದ್ರೆ ಕಾರು ಹಳ್ಳಕ್ಕೆ. ನಮ್ಮ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್‌ಗೆ ಹೋದ್ರಲ್ಲ, ಆ ಮಟ್ಟದ ಚಾಲಕರೆಲ್ಲ ಅವರವರ ಕಿವಿ ಅಚ್ಚಿನ ಇಯರ್‌ಪೀಸ್ ಹಾಕ್ಕೊಳ್ತಾರೆ. ಈಗ ಅದರೊಳಗೇ ಅಪಘಾತದಲ್ಲಿ ತಲೆಗೆ ಎಷ್ಟು ಪೆಟ್ಟು ಬಿತ್ತು ಅಂತ ಅಳೆಯೋ ಸೆನ್ಸರ್ ಕೂಡ ಇಡ್ತಾರೆ. ಕಿವಿ ತಲೆಬುರುಡೆಗೆ ಗಟ್ಟಿಯಾಗಿ ಹೊಂದಿಕೊಂಡಿರೋದ್ರಿಂದ ಅಳತೆ ಸರಿ ಬರುತ್ತೆ.

ಮಾವ: ಅಂದ್ರೆ ಟ್ರ್ಯಾಕಲ್ಲಿ ನಿನಗೆ ಸ್ಪೀಕರ್ ಬೇಕಿಲ್ಲ. ಬೇಕಾಗಿರೋದು ರಸ್ತೇಲಿ. ಅಲ್ಲಿ ಬಾವುಟ ತೋರಿಸೋರು ಯಾರು? ತೊಪ್ಪೂರು ಘಾಟಿ ಇಳೀವಾಗ ಹಿಂದಿಂದ ಬ್ರೇಕ್ ಬಿಟ್ಟ ಲಾರಿ ಬಂದ್ರೆ ಕಿವೀಲಿ ಹಾಡಿದ್ರೆ ಏನು ಮಾಡ್ತೀಯ? ಆ ಇಳಿಜಾರಲ್ಲಿ ಎಷ್ಟು ಮನೆಯೋರು ಹೋಗಿಬಿಟ್ಟಿದಾರೆ ಅಂತ ಧರ್ಮಪುರಿಯೋರನ್ನ ಕೇಳು.

ಅಳಿಯ: ಬಿರಡೆ ಇಟ್ಕೊಂಡ್ರೆ ಲಾರಿ ಹಾರ್ನು ಕೇಳಿಸಲ್ಲ ಅನ್ನೋದು ತಪ್ಪು ಮಾವ. ಬಿರಡೆ ಗಾಳಿ ಸದ್ದನ್ನೂ ಇಳಿಸುತ್ತೆ, ಹಾರ್ನನ್ನೂ ಇಳಿಸುತ್ತೆ. ಎರಡರ ನಡುವಿನ ಅಂತರ ಹಾಗೇ ಇರುತ್ತೆ. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ, 1946ರಲ್ಲೇ, ಕ್ರೈಟರ್ ಅನ್ನೋ ಅಮೆರಿಕದ ವಿಜ್ಞಾನಿ ಪರೀಕ್ಷೆ ಮಾಡಿ ತೋರಿಸಿದ್ರು. ಜೋರು ಗದ್ದಲದಲ್ಲಿ ಬಿರಡೆ ಇಟ್ಕೊಂಡೋರಿಗೆ ಮಾತು ಅಷ್ಟೇ ಕೇಳುತ್ತೆ, ಕೆಲವು ಸಲ ಇನ್ನೂ ಚೆನ್ನಾಗಿ ಕೇಳುತ್ತೆ. ಕಿವಿ ತುಂಬಿ ತುಳುಕೋವಷ್ಟು ಸದ್ದಿದ್ದಾಗ ಅದಕ್ಕೆ ವಿಂಗಡಿಸೋಕೆ ಆಗಲ್ಲ, ಇಳಿಸಿಕೊಟ್ರೆ ಆಗುತ್ತೆ.

ಮಾವ: ಇದನ್ನ ನಾನು ಒಪ್ಪಲ್ಲ. ಮೂರು ವರ್ಷದ ಹಿಂದೆ ನೀನೇ ತಂದುಕೊಟ್ಟಿದ್ದೆಯಲ್ಲ ಹಳದಿ ಬಿರಡೆ, ಹಾಕಿ ನೋಡಿದೆ. ಮಗ್ಗವೇ ಸತ್ತುಹೋದ ಹಾಗಾಯ್ತು. ನಂಗೆ ಮಗ್ಗದ ಸದ್ದು ಬೇಕು ಕಣೋ. ಲಾಳಿ ಪೆಟ್ಟಿಗೇಲಿ ಸರಿಯಾಗಿ ಕೂತ್ಕೊಳ್ತಾ ಇದೆಯಾ, ಪಿಕ್ಕಿಂಗ್ ಸ್ಟಿಕ್ಕು ಸಡಿಲ ಆಗಿದೆಯಾ, ಕಂಡಿಕೆ ಮುಗಿಯೋಕೆ ಬಂತಾ, ಎಲ್ಲ ಸದ್ದಲ್ಲೇ ತಿಳಿಯೋದು. ಅರ್ಧ ಕ್ಷಣ ತಡ ಆದ್ರೆ ಲಾಳಿ ಹಾಸಿನ ಮಧ್ಯ ಸಿಕ್ಕಿ ನೂರಾರು ಎಳೆ ಹರಿಯುತ್ತೆ. ಆಮೇಲೆ ಒಂದೊಂದನ್ನೂ ಹುಡುಕಿ ಗಂಟು ಹಾಕಬೇಕು. ಅರ್ಧ ದಿನದ ಕೂಲಿ ಹೋಯ್ತು.

ಅಳಿಯ: ನೀವು ಹೇಳೋದು ನಿಜ. ನಿಮಗೆ ಹಾಗೇ ಆಗಿರುತ್ತೆ.

ಮಾವ: ಈಗ ತಾನೇ ಕ್ರೈಟರ್ ಅಂದೆ?

ಅಳಿಯ: ಅದು ಕಿವಿ ಚೆನ್ನಾಗಿರೋರ ಮಾತು ಮಾವ. ನಿಮಗೆ ತೆಳು ಸದ್ದು ಮೊದಲೇ ಕೇಳಿಸ್ತಿಲ್ಲ, ಗಟ್ಟಿಯಾಗಿದ್ರೆ ಮಾತ್ರ ಕೇಳಿಸುತ್ತೆ. ಬಿರಡೆ ಇಟ್ರೆ ಆ ಉಳಿದಿದ್ದೂ ಕೇಳೋ ಮಟ್ಟಕ್ಕಿಂತ ಕೆಳಗೆ ಹೋಗುತ್ತೆ. ಮಗ್ಗ ಸತ್ತುಹೋಯ್ತು ಅಂದಿದ್ದು ಅದಕ್ಕೇ. ಬಿರಡೆ ನನ್ನಂಥ ಕಿವಿಗೆ ಒಂದು ಥರ, ನಿಮ್ಮಂಥ ಕಿವಿಗೆ ಇನ್ನೊಂದು ಥರ.

ಮಾವ: ಅಂದ್ರೆ ನನ್ನ ಕಿವೀಗೆ ಕಾಲ ಮೀರಿಹೋಯ್ತು ಅಂತ ತಾನೇ ನೀನು ಹೇಳ್ತಿರೋದು?

ಅಳಿಯ: ಉಳಿದಿರೋದನ್ನ ಉಳಿಸ್ಕೊಳ್ಳೋಕೆ ಮೀರಿಲ್ಲ. ಹೋಗಿದ್ದು ಬರಲ್ಲ. ಕಿವಿಯೊಳಗೆ ಬಸವನಹುಳುವಿನ ಆಕಾರದ ಸುರುಳಿ ಇದೆಯಲ್ಲ, ಅದರಲ್ಲಿ ಸದ್ದು ಹಿಡಿಯೋ ರೋಮಕೋಶಗಳು ಒಂದು ಕಿವಿಗೆ ಸುಮಾರು ಹದಿನೈದು ಸಾವಿರ. ಹುಟ್ಟುವಾಗ ಬಂದಷ್ಟೇ. ನಿಮ್ಮ ಹಾಸಿನಲ್ಲಿ ಎಳೆ ಹರಿದ್ರೆ ಗಂಟು ಹಾಕ್ತೀರಿ. ಇಲ್ಲಿ ಗಂಟು ಹಾಕೋಕೆ ಆಗಲ್ಲ.

ಈ ಒಂದು ವಿಷಯದಲ್ಲಿ ಇಬ್ಬರೂ ಸರಿ ಎನ್ನುವುದು ನನ್ನ ತೀರ್ಪು. ಹಳೆಯ ನೇಕಾರರು ಬಿರಡೆ ಬೇಡವೆಂದರೆ ಅದು ಅವರ ಹಠವೆಂದು ತಿಳಿಯುವುದುಂಟು. ಅವರ ಕಿವಿಗೆ ಆಗುವ ಅನುಭವವನ್ನೇ ಅವರು ಹೇಳುತ್ತಿದ್ದಾರೆ. ಆದರೆ ಅವರ ಮಾತನ್ನು ನಂಬಿ ಇಪ್ಪತ್ತು ವರ್ಷದ ಹುಡುಗ ಬಿರಡೆ ಬಿಟ್ಟರೆ, ಅವನಿಗೆ ಆ ಅನುಭವ ಬರುವುದು ಕಿವಿ ಕೆಟ್ಟ ಮೇಲೆ.

ಮಾವ: ಈಗ ಅಚ್ಚಿನ ವಿಷಯಕ್ಕೆ ಬಾ. ಹಳದಿ ಬಿರಡೆ ಇಪ್ಪತ್ತು, ಮೂವತ್ತು ರೂಪಾಯಿಗೆ ಜೊತೆ ಸಿಗುತ್ತೆ. ಅದು ತಡೆಯದೇ ಇರೋದನ್ನ ನಿನ್ನ ಅಚ್ಚು ಏನು ತಡೆಯುತ್ತೆ?

ಅಳಿಯ: ಜಾಸ್ತಿ ತಡೆಯಲ್ಲ. ನಿಜ ಹೇಳ್ಬೇಕಂದ್ರೆ ಸರಿಯಾಗಿ ಹಾಕಿದ ಫೋಮ್ ಬಿರಡೆ ಎಷ್ಟೋ ಸಲ ಅಚ್ಚಿಗಿಂತ ಹೆಚ್ಚು ತಡೆಯುತ್ತೆ. ಪೊಟ್ಟಣದ ಮೇಲೆ 30, 33 ಡೆಸಿಬೆಲ್ ಅಂತ ಬರೆದಿರ್ತಾರೆ.

ಮಾವ: ಮತ್ತೆ?

ಅಳಿಯ: ‘ಸರಿಯಾಗಿ ಹಾಕಿದ’ ಅಂದೆನಲ್ಲ, ಎಲ್ಲ ಇರೋದು ಅಲ್ಲಿ. ಪ್ರಯೋಗಾಲಯದಲ್ಲಿ ಹಾಕ್ಕೊಂಡ ಹಾಗೆ ಮನುಷ್ಯ ಕೆಲಸದ ಜಾಗದಲ್ಲಿ ಹಾಕ್ಕೊಳ್ಳಲ್ಲ. ಅದಕ್ಕೇ ಪೊಟ್ಟಣದ ಅಂಕಿಯಲ್ಲಿ ಅರ್ಧ ಮಾತ್ರ ಲೆಕ್ಕಕ್ಕೆ ಹಿಡೀರಿ ಅಂತ ಅಮೆರಿಕದ ಕಾರ್ಮಿಕ ಸುರಕ್ಷತೆಯೋರು ಹೇಳ್ತಾರೆ. ನೀವು ಹೇಗೆ ಹಾಕ್ಕೊಂಡ್ರಿ, ತೋರಿಸಿ ನೋಡೋಣ.

ಮಾವ ಗೂಡಿನಿಂದ ಹಳೆಯ ಜೊತೆಯನ್ನು ತೆಗೆದು ಬೆರಳ ತುದಿಯಿಂದ ಕಿವಿಬಾಯಿಗೆ ಒತ್ತಿದರು. ಮುಕ್ಕಾಲು ಪಾಲು ಹೊರಗೇ ಉಳಿಯಿತು. ಅಳಿಯ ಹೊಸದೊಂದು ಜೊತೆ ಬಿಚ್ಚಿದ. ಕೈ ತೊಳೆಸಿದ. ಬಿರಡೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹೊಸೆದು, ಮಡಿಕೆ ಬೀಳದಂತೆ ಕಡ್ಡಿಯಷ್ಟು ಸಣ್ಣ ಮಾಡಲು ಹೇಳಿದ. ಹೊಸೆಯುವುದು ಆ ಬೆರಳುಗಳಿಗೆ ಬೇಗ ಬಂತು. ಬಳಿಕ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಬಲಗಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಸಿದ. ಕಿವಿಯ ನಾಳ ನೆಟ್ಟಗಾದಾಗ ಬಲಗೈಯಿಂದ ಬಿರಡೆ ಒಳಗೆ ಹೋಯಿತು. ಅದು ಉಬ್ಬುವವರೆಗೆ, ಅರ್ಧ ನಿಮಿಷದ ಹತ್ತಿರ, ಬೆರಳಿಂದ ಒತ್ತಿ ಹಿಡಿಸಿದ. ಎದುರಿನಿಂದ ನೋಡಿದರೆ ಬಿರಡೆ ಕಾಣಬಾರದು, ಅದೇ ಗುರುತು. ಮಾವನಿಗೆ ಪಕ್ಕದ ಶೆಡ್ಡಿನ ಸದ್ದು ನಿಂತೇಹೋಯಿತು.

ಮಾವ: (ಬಿರಡೆ ತೆಗೆದು) ಇಷ್ಟು ದಿನ ಯಾಕೆ ಇದನ್ನ ಹೇಳಿಕೊಡಲಿಲ್ಲ?

ಅಳಿಯ: ಪೊಟ್ಟಣದ ಹಿಂದೆ ಚಿತ್ರ ಇದೆ, ನೋಡಿರ್ತೀರ ಅಂದ್ಕೊಂಡೆ. ಈಗ ನನ್ನ ಪಾಡು ಕೇಳಿ. ನಾನು ಹೀಗೆಲ್ಲ ಹಾಕ್ಕೊಂಡು ಹೆಲ್ಮೆಟ್ ಏರಿಸ್ತೀನಿ. ಹೆಲ್ಮೆಟ್ಟಿನ ಕೆನ್ನೆಮೆತ್ತೆ ಕಿವಿ ಉಜ್ಜಿ ಬಿರಡೆ ಜರುಗುತ್ತೆ. ಹೆಲ್ಮೆಟ್ ಹಾಕಿದ ಮೇಲೆ ಸರಿಮಾಡೋಕೆ ಆಗಲ್ಲ. ಒಂದು ಗಂಟೆಗೆ ಕಿವಿನಾಳ ನೋಯೋಕೆ ಶುರು. ನೋವಾದ್ರೆ ಮುಂದಿನ ಸಲ ಹಾಕಲ್ಲ. ಅಚ್ಚಿನ ಬಿರಡೆ ಕಿವಿಯ ಗುಂಡಿಯಲ್ಲಿ ಮಟ್ಟವಾಗಿ ಕೂರುತ್ತೆ, ಪ್ರತಿ ಸಲವೂ ಒಂದೇ ಥರ. ಮೂರು ಗಂಟೆ ಇದ್ರೂ ಇದೆ ಅಂತ ಗೊತ್ತಾಗಲ್ಲ. ನಾನು ದುಡ್ಡು ಕೊಡೋದು ಹೆಚ್ಚು ತಡೆಯೋದಕ್ಕಲ್ಲ, ತೆಗೆದು ಬಿಸಾಡದೆ ಹಾಕ್ಕೊಂಡಿರೋದಕ್ಕೆ.

ಮಾವ: ಅಚ್ಚು ಹೇಗೆ ತೆಗೀತಾರೆ?

ಅಳಿಯ: ಆಡಿಯಾಲಜಿಸ್ಟ್ ಹತ್ರ ಹೋಗಬೇಕು. ಮೊದಲು ದೀಪ ಇರೋ ಕೊಳವೆ ಇಟ್ಟು ಒಳಗೆ ನೋಡ್ತಾರೆ. ಗುಗ್ಗೆ ಇದ್ರೆ ತೆಗೆಸ್ಕೊಂಡು ಬಾ ಅಂತಾರೆ. ತಮಟೆ ತೂತಾಗಿದ್ರೆ ಡಾಕ್ಟರ್ ಹತ್ರ ಕಳಿಸ್ತಾರೆ. ಆಮೇಲೆ ದಾರ ಕಟ್ಟಿದ ಒಂದು ಸಣ್ಣ ಸ್ಪಂಜಿನ ತುಂಡನ್ನ ಕಿವಿನಾಳದ ಎರಡನೇ ತಿರುವಿನವರೆಗೆ ಇಡ್ತಾರೆ, ಸಿಲಿಕೋನು ತಮಟೆಗೆ ತಾಗಬಾರದು ಅಂತ. ಆ ದಾರದ ತುಂಡು ಇಡದೆ ಅಚ್ಚು ತೆಗೀತೀನಿ ಅಂದ್ರೆ ಎದ್ದು ಬಂದುಬಿಡಬೇಕು. ಮೇಲೆ ಮೆತ್ತನೆ ಸಿಲಿಕೋನ್ ತುಂಬ್ತಾರೆ, ತಣ್ಣಗಿರುತ್ತೆ. ಐದು ನಿಮಿಷದಲ್ಲಿ ಗಟ್ಟಿಯಾಗುತ್ತೆ.

ಮಾವ: ಅಷ್ಟೇನಾ?

ಅಳಿಯ: ಅಷ್ಟು ಹೊತ್ತೂ ಬಾಯಿ ಹೇಗಿಟ್ಕೊಳ್ತೀವಿ ಅನ್ನೋದು ಮುಖ್ಯ. ದವಡೆ ಆಡಿದ್ರೆ ಕಿವಿನಾಳದ ಆಕಾರ ಬದಲಾಗುತ್ತೆ. ಬಾಯಿ ಮುಚ್ಚಿ ತೆಗೆದ ಅಚ್ಚು, ಹೆಲ್ಮೆಟ್ಟೊಳಗೆ ಹಲ್ಲು ಕಚ್ಚಿದಾಗ ಒಂದು ಥರ, ಬಾಯಿ ತೆರೆದಾಗ ಇನ್ನೊಂದು ಥರ ಆಗಿ ಸಂದಿ ಬಿಡುತ್ತೆ. ಅದಕ್ಕೆ ಹಲ್ಲಿನ ಮಧ್ಯ ಒಂದು ತುಂಡು ಕಚ್ಚಿಸಿ ಬಾಯಿ ತೆರೆದೇ ತೆಗೆಯೋದು ಒಳ್ಳೇದು. ಹೆಲ್ಮೆಟ್ಟಿಗೆ ಅಂತ ಮೊದಲೇ ಹೇಳಬೇಕು. ಹೊರಮೈ ಕಿವಿಯಿಂದ ಆಚೆ ಚಾಚದ ಹಾಗೆ, ಮೆತ್ತನೆ ಸಿಲಿಕೋನಿನಲ್ಲೇ ಮಾಡ್ತಾರೆ. ಗಟ್ಟಿ ಅಕ್ರಿಲಿಕ್ ಹಾಕ್ಕೊಂಡು ಬಿದ್ರೆ ಕಿವಿಗೆ ಚುಚ್ಚುತ್ತೆ. ಮನೇಲಿ ಮಾಡ್ಕೊಳ್ಳೋ ಪೊಟ್ಟಣ ಅಂತ ಮಾರ್ತಾರೆ, ಅದನ್ನ ನಾನು ನಂಬಲ್ಲ.

ಮಾವ: ಒಂದು ಸಲ ಮಾಡಿಸಿದ್ರೆ ಜೀವಮಾನಕ್ಕಾ?

ಅಳಿಯ: ಇಲ್ಲ. ಮೈ ದಪ್ಪ ಆದ್ರೆ, ಸಣ್ಣ ಆದ್ರೆ ಕಿವೀನೂ ಬದಲಾಗುತ್ತೆ. ಮೂರ‍್ನಾಲ್ಕು ವರ್ಷಕ್ಕೆ ಸಡಿಲ ಅನಿಸಿದ್ರೆ ಮತ್ತೆ ಮಾಡಿಸಬೇಕು. ಸಡಿಲ ಆದ ಅಚ್ಚು ಬರೀ ಆಭರಣ.

ಮಾವ: ಸರಿ. ಈಗ ನನ್ನ ಮಾತು ಕೇಳು. ನಿನಗೆ ಈ ಸದ್ದು ನೀನಾಗಿ ತಂದ್ಕೊಂಡಿದ್ದು. ಭಾನುವಾರ ಮನೇಲಿದ್ರೆ ಇಲ್ಲ. ನಮ್ಮ ಶೆಡ್ಡಿನ ಹೆಂಗಸರಿಗೆ ಹಾಗೆ ಮನೇಲಿರ್ತೀನಿ ಅನ್ನೋಕಾಗುತ್ತಾ? ಆಟಕ್ಕೆ ಹೋಗೋ ಕಿವಿಗೆ ಸಾವಿರಗಟ್ಟಲೆ ರೂಪಾಯಿ ಅಚ್ಚು, ಹೊಟ್ಟೆಪಾಡಿಗೆ ನಿಲ್ಲೋ ಕಿವಿಗೆ ಹತ್ತಿ. ಇದು ನಿನಗೆ ಸರಿ ಕಾಣುತ್ತಾ?

ಅಳಿಯ: ಸರಿ ಕಾಣಲ್ಲ. ಆದ್ರೆ ಶೆಡ್ಡು ಯಾರದ್ದು ಮಾವ?

ಮಾವ: (ಸ್ವಲ್ಪ ಹೊತ್ತು ಬಿಟ್ಟು) ನನ್ನದೇ.

ಅಳಿಯ: ಸದ್ದಿನಿಂದ ಬರೋ ಕಿವುಡು 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲೇ ಕಸುಬಿನ ಕಾಯಿಲೆ ಅಂತ ಸೇರಿತ್ತು. ಕರೆಂಟು ಬಳಸೋ ಕಡೆ ಹತ್ತು ಮಂದಿ ಇದ್ರೆ ಕಾರ್ಖಾನೆ ಅಂತ ಆ ಕಾಯ್ದೆ ಬರೆದ್ರು. ನಮ್ಮ ಕಡೆ ಶೆಡ್ಡುಗಳಲ್ಲಿ ನಾಲ್ಕು, ಆರು ಮಂದಿ. ಯಾರೂ ಬಂದು ಕೇಳಲ್ಲ. ಅದಕ್ಕೇ ಯಜಮಾನನೇ ಮಾಡಬೇಕು.

ಮಾವ: ಮಾಡ್ತೀನಿ. ಆದ್ರೆ ಕಿವಿ ಮುಚ್ಕೊಳ್ಳಿ ಅನ್ನೋದು ಕೊನೇ ಉಪಾಯ ಕಣೋ, ಮೊದಲನೇದಲ್ಲ. ಸದ್ದು ಹುಟ್ಟೋ ಕಡೆ ಯಾಕೆ ಕಡಿಮೆ ಮಾಡಬಾರದು? ಲಾಳಿ ಇಲ್ಲದ ರೇಪಿಯರ್ ಮಗ್ಗ ಬಂದಿದೆ, ಆ ಬಡಿತವೇ ಇಲ್ಲ. ಒಂದೊಂದಕ್ಕೆ ಲಕ್ಷಗಟ್ಟಲೆ ಅಂತಾರೆ. ಸೀರೆಗೆ ಸಿಗೋ ಕೂಲೀಲಿ ಅದು ಯಾವಾಗ ಬರುತ್ತೆ? ನಿಮ್ಮ ರೇಸಿನೋರೂ ಹಾಗೇ. ಸೈಲೆನ್ಸರ್ ಕಿತ್ತು ಓಡಿಸೋದು ಗಂಡಸುತನ ಅಂತ ಯರ್ಕಾಡು ಬೆಟ್ಟದ ಇಪ್ಪತ್ತು ತಿರುವಿಗೂ ಭಾನುವಾರ ಗುಡುಗು ಎಬ್ಬಿಸ್ತಾರೆ. ತಮ್ಮ ಕಿವಿಗೆ ಬಿರಡೆ ಇಟ್ಕೊಳ್ತಾರೆ. ಬೆಟ್ಟದ ಊರಿನೋರ ಕಿವಿಗೆ ಏನಿಡ್ತಾರೆ?

ಅಳಿಯ: ಅದು ರೇಸಲ್ಲ ಮಾವ, ಬೀದಿ ಹಾವಳಿ. ಟ್ರ್ಯಾಕು ಇರೋದೇ ಅದನ್ನ ಬೀದಿಯಿಂದ ಎತ್ತೋಕೆ. ಹಿಂದೆ ಶೋಳಾವರಂ ವಿಮಾನದ ಹಳೇ ಪಟ್ಟಿಯಲ್ಲಿ ಓಡಿಸ್ತಿದ್ರು, 1990ರಿಂದ ಇರುಂಗಾಟ್ಟುಕೋಟ್ಟೈ. ಆದ್ರೂ ನೀವು ಹೇಳಿದ್ದನ್ನ ಅಲ್ಲಗಳೆಯಲ್ಲ. ನನಗೂ ಆ ಸದ್ದು ಇಷ್ಟ. ಎಂಜಿನ್ ಯಾವ ತಿರುವಲ್ಲಿ ಎಷ್ಟು ಸುತ್ತಿಗೆ ಏರಿತು ಅಂತ ಅದರ ಸ್ವರದಲ್ಲೇ ಹಿಡಿದು ಗೇರ್ ಹಾಕ್ತೀನಿ, ನೀವು ಲಾಳಿ ಸದ್ದು ಹಿಡಿದ ಹಾಗೆ. ಪೂರ್ತಿ ಮುಚ್ಚಿದ್ರೆ ನಾನೂ ಕುರುಡನ ಥರ ಆಗ್ತೀನಿ. ಅದಕ್ಕೇ ನನಗೆ ಫಿಲ್ಟರ್ ಇರೋ ಅಚ್ಚು ಬೇಕು. ದಪ್ಪ ಸದ್ದು, ತೆಳು ಸದ್ದು ಎರಡನ್ನೂ ಒಂದೇ ಸಮ ಇಳಿಸುತ್ತೆ. ಫೋಮು ತೆಳು ಸದ್ದನ್ನೇ ಜಾಸ್ತಿ ನುಂಗಿ ಎಲ್ಲಾನೂ ಮಂಕು ಮಾಡುತ್ತೆ. ಸಂಗೀತದೋರಿಗೆ ಅಂತ ಹುಟ್ಟಿದ್ದು ಆ ಫಿಲ್ಟರು.

ಮಾವ: ಎಷ್ಟಕ್ಕೆ ಇಳಿಸಬೇಕು ಅಂತ ಲೆಕ್ಕ ಇದೆಯಾ?

ಅಳಿಯ: ಕಿವಿಗೆ ಮುಟ್ಟೋದು 75, 80 ಡೆಸಿಬೆಲ್ ಇದ್ರೆ ಚೆನ್ನ. 70ಕ್ಕಿಂತ ಕೆಳಗಿಳಿದ್ರೆ ಅತಿಯಾಯ್ತು, ಬೇಕಾದ್ದೂ ಕೇಳಲ್ಲ.

ಮಾವ: ಹಾಗಿದ್ರೆ ಸ್ಪೀಕರ್ ಹಾಕಿ ಮತ್ತೆ ಸದ್ದು ತುಂಬೋದು ಯಾಕೆ? ಹೊರಗಿಂದು ತಡೆದ್ರಿ, ಒಳಗಿಂದ ಬಿಟ್ರಿ.

ಅಳಿಯ: ಗಾಳಿ ಸದ್ದು ನಿಂತ್ರೆ ಸ್ಪೀಕರ್ ಸಣ್ಣಗೆ ಇಟ್ರೂ ಸಾಕು. ಹೆಲ್ಮೆಟ್ಟಿಗೆ ಸ್ಪೀಕರ್ ಅಂಟಿಸ್ಕೊಂಡೋರು ಗಾಳೀನ ಮೀರಿಸೋಕೆ ಜೋರಾಗಿ ಇಡ್ತಾರೆ, ಅದು ಎರಡು ಪಟ್ಟು ಹಾನಿ.

ಮಾವ: ಸಣ್ಣಗೇ ಇಡ್ತೀಯ ಅಂತ ಏನು ಖಾತ್ರಿ? ಇಷ್ಟದ ಹಾಡು ಬಂದಾಗ?

ಅಳಿಯ: ಖಾತ್ರಿ ಇಲ್ಲ. ಆದ್ರೂ ತಿರುವು ಎಲ್ಲಿ ಅಂತ ಫೋನ್ ನೋಡೋಕೆ ಕಣ್ಣು ಕೆಳಗೆ ಹಾಕೋದಕ್ಕಿಂತ ಕಿವೀಲಿ ಕೇಳೋದು ವಾಸಿ ಅನ್ನೋ ನನ್ನ ಮಾತನ್ನ ಬಿಡಲ್ಲ.

ಮಾವ: ಹುಟ್ಟಿದೂರಿಗೆ ಬರೋಕೆ ದಾರಿ ಕೇಳಬೇಕಾ? ಹೊಸೂರು, ಕೃಷ್ಣಗಿರಿ, ಧರ್ಮಪುರಿ, ತೊಪ್ಪೂರು, ಸೇಲಂ. ನೆಟ್ಟಗಿದೆ.

ಅಳಿಯ: ಸದ್ಯಕ್ಕೆ ಸ್ಪೀಕರ್ ಬಿಡ್ತೀನಿ. ಮುಂದೆ ರ‍್ಯಾಲಿಗೆ ಸೇರಿದ್ರೆ ಮಾಡಿಸ್ತೀನಿ, ಆಗ ಬೇಡ ಅನ್ನಬೇಡಿ.

ಮಾವ: ಆಗಲೂ ಬೇಡ ಅಂತೀನಿ. ಈಗ ಮೊದಲು ಏನು ಮಾಡಬೇಕು ಹೇಳು.

ಅಳಿಯ: ಅಚ್ಚಿಗಿಂತ ಮುಂಚೆ ಆಡಿಯೋಗ್ರಾಂ. ನನಗೂ, ನಿಮಗೂ, ಶೆಡ್ಡಿನೋರಿಗೂ. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಒಂದೊಂದು ಸ್ವರ ಬಿಟ್ಟು, ಕೇಳಿದ್ರೆ ಗುಂಡಿ ಒತ್ತಿ ಅಂತಾರೆ. ಅವತ್ತು ಕಿವಿಗೆ ವಿಶ್ರಾಂತಿ ಇರಬೇಕು. ಮಗ್ಗದಿಂದ ಎದ್ದು ನೇರ ಹೋದ್ರೆ ಕಿವಿ ತಾತ್ಕಾಲಿಕವಾಗಿ ಮಂಕಾಗಿರುತ್ತೆ, ಲೆಕ್ಕ ತಪ್ಪುತ್ತೆ. ಈಗಿನ ಕಾಗದ ಇಟ್ಕೊಂಡ್ರೆ ಮುಂದಿನ ವರ್ಷ ಎಷ್ಟು ಇಳೀತು ಅಂತ ಗೊತ್ತಾಗುತ್ತೆ.

ಮಾವ: ಸೋಮವಾರ ಮಗ್ಗ ಶುರು ಮಾಡೋ ಮುಂಚೆ ಎಲ್ಲರೂ ಹೋಗೋಣ. ಬರ್ತಾ ಒಂದು ಡಬ್ಬಿ ಹಳದಿ ಬಿರಡೆ ತಗೋ. ಹೊಸೆಯೋದು ಹೇಗೆ ಅಂತ ನೀನೇ ತೋರಿಸು. ನಾನು ಹೇಳಿದ್ರೆ ನಗ್ತಾರೆ.

ಅಳಿಯ: ನೀವು ಹಾಕ್ಕೊಳ್ತೀರಾ?

ಮಾವ: ಕಾಗದ ನೋಡಿ ಹೇಳ್ತೀನಿ.

ಸ್ಪೀಕರಿನ ವಿಷಯದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿಸಲಿಲ್ಲ. ಒಪ್ಪಿದ ಭಾಗವನ್ನು ಓದುಗರ ಮುಂದಿಡುತ್ತೇನೆ. ಬೈಕಿನಲ್ಲಿ ಗಂಟೆಗಟ್ಟಲೆ ಹೋಗುವವರು, ಮಗ್ಗದ ಶೆಡ್ಡು ನಡೆಸುವವರು, ಕಿವಿಯಲ್ಲಿ ಗುಂಯ್ ಎನ್ನುವವರೆಗೆ ಕಾಯಬೇಡಿ. ಸೇಲಂನವರಿಗೆ ಮೋಹನ್ ಕುಮಾರಮಂಗಲಂ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಧರ್ಮಪುರಿಯವರಿಗೆ ಅಲ್ಲಿನ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಕನ್ನಡದಲ್ಲೇ ವಿಚಾರಿಸಬೇಕೆಂದರೆ 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿ ಅಚ್ಚು ಮಾಡುವ ಪ್ರಯೋಗಾಲಯವೂ ಅಲ್ಲಿದೆ. ಮೊದಲು ಕಿವಿ ಅಳೆಯಿಸಿ, ಅಚ್ಚಿನ ಮಾತು ಆಮೇಲೆ. ಅಲ್ಲಿಯವರೆಗೆ ಫೋಮ್ ಬಿರಡೆಯನ್ನೇ ಚೆನ್ನಾಗಿ ಹೊಸೆದು, ಕಿವಿ ಮೇಲಕ್ಕೆಳೆದು, ಪೂರ್ತಿ ಒಳಗೆ ಹಾಕಿಕೊಳ್ಳಿ.